ಕೂಡಬೇಕಾ, ಕಳೀಬೇಕಾ? ಬಸ್ಸು, ಸೈಕಲ್, ರೈಲಿನ ಲೆಕ್ಕಗಳಿಗೆಲ್ಲ ಒಂದೇ ಸಾಲು

"ಸಾರ್, ಇದರಲ್ಲಿ ವೇಗ ಕೂಡಬೇಕಾ, ಕಳೀಬೇಕಾ?"

ಮನೆಪಾಠಕ್ಕೆ ಬರುವ ಮಕ್ಕಳು ರೈಲಿನ ಲೆಕ್ಕ ಕಂಡ ಕೂಡಲೇ ಕೇಳುವ ಪ್ರಶ್ನೆ ಇದು. ಲೆಕ್ಕವನ್ನು ಇನ್ನೂ ಪೂರ್ತಿ ಓದಿರುವುದಿಲ್ಲ. ಎದುರು ಬದುರು ಬಂದರೆ ಕೂಡು, ಒಂದೇ ದಿಕ್ಕಾದರೆ ಕಳೆ, ಪ್ಲಾಟ್‌ಫಾರಂ ಇದ್ದರೆ ಉದ್ದ ಸೇರಿಸು, ಕಂಬವಾದರೆ ಸೇರಿಸಬೇಡ ಅಂತ ಯಾರೋ ಬಾಯಿಪಾಠ ಮಾಡಿಸಿರುತ್ತಾರೆ. ಲೆಕ್ಕದಲ್ಲಿ "ಅರ್ಧ ಗಂಟೆ ತಡವಾಗಿ ಹೊರಟಿತು" ಅನ್ನೋ ಒಂದು ಮಾತು ಸೇರಿಕೊಂಡರೆ ಸಾಕು, ಈ ಬಾಯಿಪಾಠ ಅಲ್ಲೇ ಕೈ ಕೊಡುತ್ತದೆ.

ನಾನು ಹೇಳಿಕೊಡುವುದು ಒಂದೇ. ಓಡುವ ಪ್ರತಿಯೊಂದಕ್ಕೂ "ಇಷ್ಟು ಹೊತ್ತಿಗೆ ನೀನು ಎಲ್ಲಿದ್ದೀಯ?" ಅಂತ ಕೇಳಿ. ಅದರ ಉತ್ತರವನ್ನು ಒಂದು ಸಾಲಿನಲ್ಲಿ ಬರೆಯಿರಿ. ಉಳಿದದ್ದು ಎಂಟನೇ ಕ್ಲಾಸಿನ ಬೀಜಗಣಿತ.

ಆ ಒಂದು ಸಾಲು

ಸ್ಥಿರ ವೇಗ ಅಂದರೆ ಪ್ರತಿ ನಿಮಿಷಕ್ಕೂ ಅಷ್ಟಷ್ಟೇ ದೂರ. ಹೆಚ್ಚಿಲ್ಲ, ಕಮ್ಮಿಯಿಲ್ಲ. ಬೆಂಗಳೂರಿನಿಂದ ಮೈಸೂರಿಗೆ ಹಳೇ ರಸ್ತೆಯಲ್ಲಿ ಹೋಗುವ ಬಸ್ಸು ರಾಮನಗರದಲ್ಲಿದೆ ಅಂದುಕೊಳ್ಳಿ. ಬೆಂಗಳೂರಿನಿಂದ ಅಲ್ಲಿಗೆ ಸುಮಾರು 50 ಕಿ.ಮೀ. ಅಲ್ಲಿಂದ ಮುಂದಕ್ಕೆ ಬಸ್ಸು ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುತ್ತದೆ. ಅರ್ಧ ಗಂಟೆ ಬಿಟ್ಟು ಎಲ್ಲಿರುತ್ತದೆ? 50 + 20 = 70 ಕಿ.ಮೀ. ಒಂದು ಗಂಟೆ ಬಿಟ್ಟು? 90. ಒಂದೂವರೆ ಗಂಟೆ ಬಿಟ್ಟು? 110. ಯಾವ ಹೊತ್ತು ಕೊಟ್ಟರೂ ಲೆಕ್ಕ ಒಂದೇ ಥರ ಅಲ್ವಾ? ಅದನ್ನು ಹೀಗೆ ಬರೆಯಬಹುದು:

ದ = 50 + 40 × ಸ

ಇಲ್ಲಿ ದ ಅಂದರೆ ಬೆಂಗಳೂರಿನಿಂದ ದೂರ, ಸ ಅಂದರೆ ರಾಮನಗರ ಬಿಟ್ಟ ಮೇಲೆ ಕಳೆದ ಗಂಟೆಗಳು. ಎಲ್ಲ ಲೆಕ್ಕಕ್ಕೂ ಹೊಂದುವಂತೆ ಬರೆದರೆ:

ದ = ಆ + ವ × ಸ

ಆ ಅಂದರೆ ಆರಂಭದಲ್ಲಿ ಇದ್ದ ಜಾಗ, ವ ಅಂದರೆ ವೇಗ. ಇದೇ ರೇಖಾತ್ಮಕ ಫಲನ. ಹೆಸರು ಕೇಳಿ ಹೆದರಬೇಡಿ. ಗ್ರಾಫ್ ಹಾಳೆಯ ಮೇಲೆ ಸಮಯವನ್ನು ಅಡ್ಡಕ್ಕೂ ದೂರವನ್ನು ಉದ್ದಕ್ಕೂ ಇಟ್ಟು ಚುಕ್ಕೆ ಹಾಕುತ್ತಾ ಹೋದರೆ ಚುಕ್ಕೆಗಳೆಲ್ಲ ಒಂದು ನೇರ ಗೆರೆಯ ಮೇಲೆ ಬಂದು ಕೂರುತ್ತವೆ, ಅದಕ್ಕೇ ಆ ಹೆಸರು. ಗೆರೆ ಎಷ್ಟು ಕಡಿದಾಗಿದೆ ಅನ್ನುವುದೇ ವೇಗ. ಪುಸ್ತಕದಲ್ಲಿ ಅದಕ್ಕೆ ಇಳಿಜಾರು ಅಂತ ಹೆಸರು. ಕಾರಿನ ಗೆರೆ ಏಣಿಯ ಹಾಗೆ ನೆಟ್ಟಗೆ, ಎತ್ತಿನ ಗಾಡಿಯದ್ದು ಮಲಗಿದ ಹಾಗೆ. ನಿಂತ ಬಸ್ಸಿನ ಗೆರೆ ಪೂರ್ತಿ ಅಡ್ಡ, ಯಾಕೆಂದರೆ ಸಮಯ ಮಾತ್ರ ಓಡುತ್ತಿದೆ.

ವಿಜ್ಞಾನದ ಪುಸ್ತಕದಲ್ಲಿ ಬರೀ ಸ್ಪೀಡಿಗೆ "ಜವ" ಅನ್ನುತ್ತಾರೆ, ದಿಕ್ಕೂ ಸೇರಿದರೆ "ವೇಗ". ನಮ್ಮ ಸಾಲಿನಲ್ಲಿ ವ ಮುಂದೆ ಮೈನಸ್ ಬರಬಹುದು, ಅಂದರೆ ದಿಕ್ಕೂ ಸೇರಿದೆ. ಹಾಗಾಗಿ ವೇಗ ಅನ್ನುವುದೇ ಸರಿ.

ಪೆನ್ನು ಹಿಡಿಯುವ ಮುಂಚೆ

ನಾಲ್ಕು ವಿಷಯ ಗಟ್ಟಿ ಮಾಡಿಕೊಳ್ಳಿ. ಸೊನ್ನೆ ಕಿಲೋಮೀಟರ್ ಎಲ್ಲಿ? ಸೊನ್ನೆ ಹೊತ್ತು ಯಾವಾಗ? ಯಾವ ಕಡೆ ಹೋದರೆ ದೂರ ಏರುತ್ತದೆ? ಅಳತೆ ಯಾವುದರಲ್ಲಿ? ಮೊದಲ ಮೂರನ್ನು ನಿಮಗೆ ಬೇಕಾದ ಹಾಗೆ ಇಟ್ಟುಕೊಳ್ಳಬಹುದು, ಉತ್ತರ ಬದಲಾಗುವುದಿಲ್ಲ. ಆದರೆ ಒಮ್ಮೆ ಇಟ್ಟ ಮೇಲೆ ಆ ಲೆಕ್ಕ ಮುಗಿಯುವ ತನಕ ಮುಟ್ಟಬಾರದು. ಬಸ್ಸಿಗೆ ಬೆಂಗಳೂರು ಸೊನ್ನೆ, ಕಾರಿಗೆ ಮೈಸೂರು ಸೊನ್ನೆ ಅಂತ ಮಾಡಿದರೆ ಎರಡು ಸಾಲುಗಳು ಬೇರೆ ಬೇರೆ ಭಾಷೆ ಮಾತಾಡುತ್ತವೆ.

ನಾಲ್ಕನೆಯದರಲ್ಲೇ ಜಾಸ್ತಿ ಜನ ಎಡವುವುದು. ನಾನೂ ಎಡವಿದ್ದೇನೆ. ಹೈಸ್ಕೂಲಿನಲ್ಲಿ ಒಂದು ಪರೀಕ್ಷೆಯಲ್ಲಿ 20 ನಿಮಿಷವನ್ನು 0.20 ಗಂಟೆ ಅಂತ ಬರೆದು ಇಡೀ ಲೆಕ್ಕ ಹಾಳು ಮಾಡಿಕೊಂಡಿದ್ದೆ. ವಿಧಾನವೆಲ್ಲ ಸರಿ, ಉತ್ತರ ಮಾತ್ರ ಎಲ್ಲೋ. 20 ನಿಮಿಷ ಅಂದರೆ ಗಂಟೆಯ ಮೂರನೇ ಒಂದು ಭಾಗ. ಗಂಟೆಗೆ ನೂರು ನಿಮಿಷ ಇಲ್ಲ, 60 ಇದೆ. ಹಾಗೆಯೇ ಉತ್ತರ 1.7 ಗಂಟೆ ಅಂತ ಬಂದರೆ ಅದು 1 ಗಂಟೆ 70 ನಿಮಿಷವೂ ಅಲ್ಲ, 1 ಗಂಟೆ 7 ನಿಮಿಷವೂ ಅಲ್ಲ. 0.7 × 60 = 42. ಒಂದು ಗಂಟೆ 42 ನಿಮಿಷ.

ಗಂಟೆಗೆ ಕಿ.ಮೀ. ಇದ್ದದ್ದನ್ನು ಸೆಕೆಂಡಿಗೆ ಮೀಟರ್ ಮಾಡಲು 5ರಿಂದ ಗುಣಿಸಿ 18ರಿಂದ ಭಾಗಿಸಬೇಕು. ಎಲ್ಲಿಂದ ಬಂತು ಈ 5 ಮತ್ತು 18? ಒಂದು ಕಿ.ಮೀ.ಗೆ 1000 ಮೀಟರ್, ಒಂದು ಗಂಟೆಗೆ 3600 ಸೆಕೆಂಡ್. 1000/3600 ಅನ್ನು ಸಂಕ್ಷೇಪಿಸಿದರೆ 5/18. ಗಂಟೆಗೆ 18 ಕಿ.ಮೀ. ಅಂದರೆ ಸೆಕೆಂಡಿಗೆ 5 ಮೀಟರ್, 36 ಅಂದರೆ 10, 54 ಅಂದರೆ 15, 72 ಅಂದರೆ 20. ಈ ನಾಲ್ಕು ನೆನಪಿದ್ದರೆ ಮುಕ್ಕಾಲು ಲೆಕ್ಕ ಸಲೀಸು.

ಮೈಲಿಗಲ್ಲಿನಿಂದ ಸಾಲು ಕಟ್ಟುವುದು

ಮೈಲಿ ಹೋಗಿ ಕಿಲೋಮೀಟರ್ ಬಂದು ದಶಕಗಳಾದರೂ ನಾವು ಅನ್ನುವುದು ಮೈಲಿಗಲ್ಲು ಅಂತಲೇ. ರಾಷ್ಟ್ರೀಯ ಹೆದ್ದಾರಿಯಾದರೆ ತಲೆಗೆ ಹಳದಿ ಬಣ್ಣ, ರಾಜ್ಯ ಹೆದ್ದಾರಿಯಾದರೆ ಹಸಿರು. ಕಿಟಕಿ ಪಕ್ಕ ಕೂತವರಿಗೆ ಅದರಷ್ಟು ಒಳ್ಳೆ ಗಣಿತದ ಮೇಷ್ಟ್ರು ಇನ್ನೊಬ್ಬರಿಲ್ಲ.

ತುಮಕೂರು ದಾಟಿ ಚಿತ್ರದುರ್ಗದ ಕಡೆ ಹೋಗುತ್ತಿದ್ದೀರಿ. 9:10ಕ್ಕೆ ಕಂಡ ಕಲ್ಲಿನಲ್ಲಿ "ಚಿತ್ರದುರ್ಗ 91". ಸ್ವಲ್ಪ ನಿದ್ದೆ. ಕಣ್ಣು ಬಿಟ್ಟಾಗ 9:34, ಕಲ್ಲಿನಲ್ಲಿ 63. ಯಾವಾಗ ತಲುಪುತ್ತೀರಿ?

ಇಲ್ಲಿ ವೇಗ ಕೊಟ್ಟಿಲ್ಲ, ಎರಡು ಚುಕ್ಕೆ ಕೊಟ್ಟಿದ್ದಾರೆ. ನೇರ ಗೆರೆಗೆ ಎರಡು ಚುಕ್ಕೆ ಸಾಕು. 24 ನಿಮಿಷದಲ್ಲಿ ಉಳಿದ ದೂರ 91ರಿಂದ 63ಕ್ಕೆ ಇಳಿಯಿತು, ಅಂದರೆ 28 ಕಿ.ಮೀ. ಕಮ್ಮಿಯಾಯಿತು. ನಿಮಿಷಕ್ಕೆ 28/24 = 7/6 ಕಿ.ಮೀ. ಗಂಟೆಗೆ ನೋಡಿದರೆ 70. 9:10 ಅನ್ನು ಸೊನ್ನೆ ಹೊತ್ತು ಮಾಡಿ, ಸಮಯವನ್ನು ನಿಮಿಷದಲ್ಲೇ ಇಟ್ಟು, ಉಳಿದ ದೂರವನ್ನು ದ ಅಂದರೆ:

ದ = 91 − (7/6) × ಸ

ಮೈನಸ್ ಯಾಕೆ ಬಂತು? ಕಲ್ಲು ತೋರಿಸುವುದು ಬಂದ ದೂರವನ್ನಲ್ಲ, ಹೋಗಬೇಕಾದ ದೂರವನ್ನು. ಅದು ಇಳಿಯುತ್ತಾ ಹೋಗುತ್ತದೆ. ತಲುಪುವುದು ಅಂದರೆ ದ ಸೊನ್ನೆ ಆಗುವುದು. (7/6) × ಸ = 91, ಆದ್ದರಿಂದ ಸ = 91 × 6/7 = 78 ನಿಮಿಷ. 9:10ಕ್ಕೆ 78 ನಿಮಿಷ ಸೇರಿಸಿದರೆ 10:28. ನಡುವೆ ಚಹಾಕ್ಕೆ ನಿಲ್ಲಿಸದಿದ್ದರೆ!

ಎದುರು ಬದುರು

ಬೆಂಗಳೂರು ಸೊನ್ನೆ, ಮೈಸೂರು ಸುಮಾರು 140 ಕಿ.ಮೀ. ಬೆಂಗಳೂರಿನಿಂದ 6 ಗಂಟೆಗೆ ಬಸ್ಸು ಹೊರಟಿತು, ವೇಗ 40. ಮೈಸೂರಿನಿಂದ 6:30ಕ್ಕೆ ಕಾರು ಹೊರಟಿತು, ವೇಗ 60. ಎಲ್ಲಿ, ಯಾವಾಗ ಎದುರಾಗುತ್ತವೆ?

ಸೊನ್ನೆ ಹೊತ್ತು 6 ಗಂಟೆ ಆಗಲಿ. ಬಸ್ಸಿನ ಸಾಲು ಸುಲಭ: ದ = 40 × ಸ. ಕಾರು 140ರಿಂದ ಹಿಂದಕ್ಕೆ ಬರುತ್ತಿದೆ, ಹಾಗಾಗಿ ಮೈನಸ್. ಅದು ಓಡಿದ ಹೊತ್ತು ಸ ಅಲ್ಲ, ಅದಕ್ಕಿಂತ ಅರ್ಧ ಗಂಟೆ ಕಮ್ಮಿ:

ದ = 140 − 60 × (ಸ − ½)

ತಡವಾಗಿ ಹೊರಟಿದೆ ಅಂತ ಇಲ್ಲಿ ½ ಕೂಡುವವರೇ ಜಾಸ್ತಿ. ಅನುಮಾನ ಬಂದರೆ ಪರೀಕ್ಷೆ ಮಾಡಿ ನೋಡಿ: 6:30ಕ್ಕೆ, ಅಂದರೆ ಸ = ½ ಆದಾಗ, ಕಾರು ಮೈಸೂರಿನಲ್ಲೇ ಇರಬೇಕು. ಆವರಣದೊಳಗೆ ಸೊನ್ನೆ ಆಗಿ ದ = 140 ಬಂತು. ಸರಿಯಾಗಿದೆ. ಕೂಡಿದ್ದರೆ 80 ಬರುತ್ತಿತ್ತು. ಹೊರಡುವ ಹೊತ್ತಿಗೇ ಕಾರು ಮದ್ದೂರಿನಲ್ಲಿರುತ್ತಿತ್ತು.

ಆವರಣ ಬಿಡಿಸಿದರೆ ದ = 170 − 60 × ಸ. ಇದೇನು, ಮೈಸೂರೇ 140ಕ್ಕೆ ಮುಗಿಯಿತಲ್ಲ, 170 ಎಲ್ಲಿಂದ ಬಂತು? ಇಲ್ಲಿ ಸ್ವಲ್ಪ ನಿಲ್ಲಿ, ಮಜಾ ಇದೆ. ಮೈಸೂರಿನಾಚೆ 30 ಕಿ.ಮೀ. ದೂರ, ನಂಜನಗೂಡನ್ನೂ ದಾಟಿದ ಜಾಗದಿಂದ ಒಂದು ಕಾರು 6 ಗಂಟೆಗೇ ಹೊರಟಿದ್ದರೆ ಅದು 6:30ಕ್ಕೆ ಸರಿಯಾಗಿ ಮೈಸೂರಿನಲ್ಲಿರುತ್ತಿತ್ತು. ನಮ್ಮ ಕಾರೂ ಆಗ ಅಲ್ಲೇ ಇದೆ. ಅಲ್ಲಿಂದ ಮುಂದೆ ಎರಡಕ್ಕೂ ವ್ಯತ್ಯಾಸವೇ ಇಲ್ಲ. ತಡವನ್ನು ಬೀಜಗಣಿತ ದೂರವಾಗಿ ಬದಲಾಯಿಸಿಕೊಟ್ಟಿದೆ, ಅಷ್ಟೇ.

ಎದುರಾಗುವುದು ಅಂದರೆ ಒಂದೇ ಹೊತ್ತಿನಲ್ಲಿ ಒಂದೇ ಜಾಗದಲ್ಲಿರುವುದು. ಎರಡು ದ ಸಮ:

40 × ಸ = 170 − 60 × ಸ
100 × ಸ = 170
ಸ = 1.7 ಗಂಟೆ

7:42ಕ್ಕೆ, ಬೆಂಗಳೂರಿನಿಂದ 40 × 1.7 = 68 ಕಿ.ಮೀ.ನಲ್ಲಿ. ಚನ್ನಪಟ್ಟಣ ದಾಟಿ, ಮದ್ದೂರಿಗೆ ಮುಂಚೆ. ಬಸ್ಸಿನವರಿಗೆ ವಡೆ ಇನ್ನೂ ಸಿಕ್ಕಿಲ್ಲ. ಕಾರಿನ ಕಡೆಯಿಂದ ಒಮ್ಮೆ ತಾಳೆ ನೋಡಿ: ಅದು ಓಡಿದ್ದು 1.2 ಗಂಟೆ, 72 ಕಿ.ಮೀ. 140 − 72 = 68. ಹೊಂದಿತು.

ನಡುವೆ ಆ 100 ಬಂತಲ್ಲ, 40 + 60? "ಎದುರು ಬದುರಾದರೆ ಕೂಡು" ಅನ್ನುವ ಸೂತ್ರ ಅದೇ. ನಾವು ಕರೆಯಲಿಲ್ಲ, ಅದಾಗಿಯೇ ಬಂತು.

ಹಿಂದಟ್ಟಿ ಹಿಡಿಯುವುದು

ತಂಗಿ ಪರೀಕ್ಷೆಗೆ ನಡೆದು ಹೊರಟಳು, ನಿಮಿಷಕ್ಕೆ 80 ಮೀಟರ್. 9 ನಿಮಿಷ ಆದ ಮೇಲೆ ಹಾಲ್ ಟಿಕೆಟ್ ಮೇಜಿನ ಮೇಲೇ ಇರುವುದು ಅಣ್ಣನಿಗೆ ಕಂಡಿತು. ಸೈಕಲ್ ಹತ್ತಿದ, ನಿಮಿಷಕ್ಕೆ 200 ಮೀಟರ್.

ತಂಗಿ: ದ = 80 × ಸ
ಅಣ್ಣ: ದ = 200 × (ಸ − 9)

ಸಮ ಮಾಡಿದರೆ 80 × ಸ = 200 × ಸ − 1800. ಅಂದರೆ 120 × ಸ = 1800, ಸ = 15. ಅವಳು ಹೊರಟ 15ನೇ ನಿಮಿಷಕ್ಕೆ, ಮನೆಯಿಂದ 1200 ಮೀಟರ್‌ನಲ್ಲಿ ಸಿಗುತ್ತಾಳೆ. ಈ ಸಲ 200 − 80 ತಾನಾಗಿ ಬಂತು, ನೋಡಿ.

ಈಗ ಶಾಲೆ ಇರುವುದೇ ಮನೆಯಿಂದ 1000 ಮೀಟರ್‌ನಲ್ಲಿ ಅಂತ ಲೆಕ್ಕದ ಕೊನೆಯಲ್ಲಿ ಬರೆದಿದ್ದರೆ? ಆಗ 1200 ಅನ್ನುವ ಉತ್ತರ ಸುಳ್ಳು. ತಂಗಿಯ ಗೆರೆ 1000ಕ್ಕೆ ತಲುಪಿದ ಕೂಡಲೇ ಅಡ್ಡ ಮಲಗುತ್ತದೆ, ಅವಳು ಗೇಟಿನ ಹತ್ತಿರ ನಿಂತಿದ್ದಾಳೆ. ಅವಳು ತಲುಪಿದ್ದು 1000/80 = 12.5 ನಿಮಿಷಕ್ಕೆ. ಅಣ್ಣನಿಗೆ 1000 ಮೀಟರ್‌ಗೆ 5 ನಿಮಿಷ, ಅಂದರೆ 14ನೇ ನಿಮಿಷಕ್ಕೆ ಬರುತ್ತಾನೆ. ಒಂದೂವರೆ ನಿಮಿಷ ಬ್ಯಾಗು ತಡಕಾಡುತ್ತಾ ನಿಂತವಳ ಕೈಗೆ ಹಾಲ್ ಟಿಕೆಟ್ ಬಂತು. ಸಾಲು ಬರೆದಾಗೆಲ್ಲ ಅದು ಎಲ್ಲಿಂದ ಎಲ್ಲಿಯವರೆಗೆ ನಿಜ ಅಂತಲೂ ಪಕ್ಕದಲ್ಲಿ ಗೀಚಿಕೊಳ್ಳಿ. ಸ ಮೈನಸ್ ಬಂದರೂ ಹಾಗೇ, ಆ ಭೇಟಿ ನಡೆಯಲೇ ಇಲ್ಲ ಅಂತ ಅರ್ಥ. ಇಬ್ಬರ ವೇಗವೂ ಒಂದೇ ಆದರೆ ಗೆರೆಗಳು ಸಮಾಂತರ, ಎಂದೂ ಸೇರುವುದಿಲ್ಲ.

ಹುಬ್ಬಳ್ಳಿಯ ಪ್ಲಾಟ್‌ಫಾರಂ

ರೈಲಿನ ಲೆಕ್ಕ ಯಾಕೆ ಕಷ್ಟ? ಬಸ್ಸು, ಸೈಕಲ್‌ಗಳನ್ನು ನಾವು ಚುಕ್ಕೆ ಅಂದುಕೊಂಡೆವು. ರೈಲು ಚುಕ್ಕೆ ಅಲ್ಲ, ಅದಕ್ಕೆ ಮೂತಿಯೂ ಇದೆ, ಬಾಲವೂ ಇದೆ. ಹಾಗಾದರೆ ಎರಡು ಸಾಲು ಬರೆಯೋಣ!

ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರಂ ಇದೆ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು, ಜಗತ್ತಿನಲ್ಲೇ ಅತಿ ಉದ್ದದ್ದು. ಸುಮ್ನೆ ಲೆಕ್ಕಕ್ಕೆ ಅಂತ, 543 ಮೀಟರ್ ಉದ್ದದ ರೈಲೊಂದು ಗಂಟೆಗೆ 36 ಕಿ.ಮೀ. ವೇಗದಲ್ಲಿ ಅಲ್ಲಿ ನಿಲ್ಲದೆ ಹೋಗುತ್ತದೆ ಅನ್ನೋಣ. ಸೆಕೆಂಡಿಗೆ 10 ಮೀಟರ್. ಪ್ಲಾಟ್‌ಫಾರಂ ಶುರುವಾಗುವ ತುದಿ ಸೊನ್ನೆ. ಎಂಜಿನ್ನಿನ ಮೂತಿ ಆ ತುದಿಗೆ ಬಂದ ಕ್ಷಣ ಸೊನ್ನೆ ಹೊತ್ತು.

ಮೂತಿ: ದ = 10 × ಸ
ಬಾಲ: ದ = 10 × ಸ − 543

ಎರಡೂ ಒಂದೇ ವೇಗ, ಹಾಗಾಗಿ ಸಮಾಂತರ ಗೆರೆಗಳು. ಹಾಳೆಯ ಮೇಲೆ ಎರಡರ ನಡುವಿನ ಪಟ್ಟಿಯೇ ರೈಲು. ಪ್ಲಾಟ್‌ಫಾರಂ "ಪೂರ್ತಿ ದಾಟಿತು" ಅಂದರೆ ಬಾಲ 1507ಕ್ಕೆ ಬರಬೇಕು. 10 × ಸ = 2050, ಸ = 205 ಸೆಕೆಂಡ್. ಮೂರು ನಿಮಿಷ 25 ಸೆಕೆಂಡ್. 1507 + 543 ಅಂತ ಬಾಯಿಪಾಠದವರು ಕೂಡುವುದೂ ಇದನ್ನೇ. ಕಂಬ ದಾಟುವುದಾದರೆ ಬಾಲ ಸೊನ್ನೆಗೆ ಬಂದರೆ ಸಾಕು, 54.3 ಸೆಕೆಂಡ್.

ಈಗ ಬಾಯಿಪಾಠದವರಿಗೆ ಒಂದು ಪ್ರಶ್ನೆ. ಇಡೀ ರೈಲು, ಮೂತಿಯಿಂದ ಬಾಲದ ತನಕ, ಪ್ಲಾಟ್‌ಫಾರಂ ಪಕ್ಕದಲ್ಲೇ ಇರುವುದು ಎಷ್ಟು ಹೊತ್ತು? ಬಾಲ ಒಳಗೆ ಬಂದಿರಬೇಕು, ಮೂತಿ ಇನ್ನೂ ಹೊರಗೆ ಹೋಗಿರಬಾರದು. ಬಾಲ ಒಳಗೆ ಬಂದದ್ದು 54.3ಕ್ಕೆ. ಮೂತಿ ಹೊರಗೆ ಹೋಗಿದ್ದು 1507/10 = 150.7ಕ್ಕೆ. ನಡುವಿನದು 96.4 ಸೆಕೆಂಡ್. ಹೊಸ ಸೂತ್ರವೇನೂ ಬೇಕಾಗಲಿಲ್ಲ. ಅವೇ ಎರಡು ಸಾಲು, ಪ್ರಶ್ನೆ ಮಾತ್ರ ಬೇರೆ.

ಈ ಸಾಲು ನಡೆಯದ ಜಾಗ

120 ಕಿ.ಮೀ. ಹೋಗುವಾಗ ಗಂಟೆಗೆ 40, ಬರುವಾಗ 60. ಸರಾಸರಿ 50 ಅಂತ ಥಟ್ಟನೆ ಹೇಳಬೇಡಿ. ಹೋಗಲು 3 ಗಂಟೆ, ಬರಲು 2. ಒಟ್ಟು 240 ಕಿ.ಮೀ., 5 ಗಂಟೆ, ಸರಾಸರಿ 48. ನಿಧಾನವಾಗಿ ಹೋದ ಹೊತ್ತೇ ಜಾಸ್ತಿ, ಅದರ ಕಡೆಗೇ ತೂಕ. ವೇಗ ಬದಲಾದ ಕಡೆಯೆಲ್ಲ ಗೆರೆ ಮುರಿಯುತ್ತದೆ, ಒಂದೊಂದು ತುಂಡಿಗೂ ಬೇರೆ ಸಾಲು ಬರೆಯಬೇಕು.

ಕ್ರಾಸಿಂಗ್

ಈ ಗೆರೆಗಳು ಬರೀ ಪರೀಕ್ಷೆಗಲ್ಲ. ರೈಲ್ವೆಯ ಕಂಟ್ರೋಲ್ ಆಫೀಸಿನಲ್ಲಿ ಸೆಕ್ಷನ್ ಕಂಟ್ರೋಲರ್ ಅಂತ ಇರುತ್ತಾರೆ. ಅವರ ಚಾರ್ಟಿನಲ್ಲಿ ಒಂದು ಕಡೆ ಸಮಯ, ಇನ್ನೊಂದು ಕಡೆ ನಿಲ್ದಾಣಗಳು, ಒಂದೊಂದು ರೈಲೂ ಒಂದೊಂದು ಗೆರೆ. ಮುಂಚೆ ದೊಡ್ಡ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಎಳೆಯುತ್ತಿದ್ದರು, ಈಗ ಕಂಪ್ಯೂಟರ್ ಪರದೆಯ ಮೇಲೆ. ಹತ್ತೊಂಬತ್ತನೇ ಶತಮಾನದಲ್ಲೇ ಫ್ರಾನ್ಸಿನವರು ಪ್ಯಾರಿಸ್–ಲಿಯೋನ್ ರೈಲುಗಳ ವೇಳಾಪಟ್ಟಿಯನ್ನು ಹೀಗೆ ಗೆರೆಗಳಲ್ಲಿ ಬರೆದಿದ್ದರು.

ಒಂಟಿ ಹಳಿಯ ದಾರಿಯಲ್ಲಿ ಎದುರು ಬದುರಿನ ಎರಡು ಗೆರೆಗಳು ಕತ್ತರಿಸುವುದು ನಿಲ್ದಾಣದಲ್ಲೇ ಆಗಬೇಕು. ಎರಡು ನಿಲ್ದಾಣಗಳ ನಡುವೆ ಕತ್ತರಿಸಿದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ಅದಕ್ಕೇ ಒಂದು ರೈಲು ಮೊದಲೇ ನಿಂತು ಕಾಯುತ್ತದೆ, ನಾವು ಒಳಗೆ ಕೂತು "ಕ್ರಾಸಿಂಗ್ ಬಿದ್ದಿದೆ" ಅಂತ ಕಡಲೆಕಾಯಿ ಬಿಡಿಸುತ್ತೇವೆ.

ಒಂಟಿ ಹಳಿ, 40 ಕಿ.ಮೀ. ನಡುವೆ ಎರಡೇ ನಿಲ್ದಾಣ: ಒಂದು 12ರಲ್ಲಿ, ಇನ್ನೊಂದು 27ರಲ್ಲಿ. ಎರಡು ತುದಿಯಿಂದಲೂ ಒಂದೇ ಹೊತ್ತಿಗೆ ರೈಲು ಹೊರಟವು, ಎರಡಕ್ಕೂ ನಿಮಿಷಕ್ಕೆ 1 ಕಿ.ಮೀ. ವೇಗ.

ಮೊದಲನೆಯದು: ದ = ಸ
ಎರಡನೆಯದು: ದ = 40 − ಸ

ಸಮ ಮಾಡಿದರೆ 20ನೇ ನಿಮಿಷ, 20ನೇ ಕಿ.ಮೀ. ಅಲ್ಲಿ ನಿಲ್ದಾಣ ಇಲ್ಲ. ಯಾರಾದರೂ ಒಬ್ಬರು ಕಾಯಲೇಬೇಕು. ಮೊದಲನೆಯದನ್ನು 12ರಲ್ಲಿ ನಿಲ್ಲಿಸಿದರೆ ಅದು 12ನೇ ನಿಮಿಷಕ್ಕೆ ಬಂದು, ಎದುರಿನ ರೈಲು 28ನೇ ನಿಮಿಷಕ್ಕೆ ಬರುವ ತನಕ ನಿಲ್ಲಬೇಕು. 16 ನಿಮಿಷ. ಎರಡನೆಯದನ್ನು 27ರಲ್ಲಿ ನಿಲ್ಲಿಸಿದರೆ 13ಕ್ಕೆ ಬಂದು 27ರ ತನಕ, 14 ನಿಮಿಷ. ಎರಡೂ ಒಂದೇ ದರ್ಜೆಯ ರೈಲುಗಳಾದರೆ ಎರಡನೆಯದನ್ನೇ ನಿಲ್ಲಿಸುವುದು ಒಳ್ಳೆಯದು.

ಅದೇ ಎರಡನೇ ರೈಲು ಇನ್ನೂ ಹೊರಟಿಲ್ಲ, ಅದರ ತುದಿಯಲ್ಲೇ ತಡವಾಗುತ್ತಿದೆ ಅನ್ನಿ. ಎಷ್ಟು ನಿಮಿಷ ತಡವಾಗಿ ಹೊರಟರೆ ಯಾರೂ ಎಲ್ಲೂ ಕಾಯದೆ ಸರಿಯಾಗಿ 27ರ ನಿಲ್ದಾಣದಲ್ಲಿ ಎದುರಾಗುತ್ತಾರೆ? ತಡವನ್ನು ತ ಅಂತಿಟ್ಟರೆ ಅದರ ಸಾಲು ದ = 40 − (ಸ − ತ). ಮೊದಲನೆಯದು 27ಕ್ಕೆ ಬರುವುದು 27ನೇ ನಿಮಿಷಕ್ಕೆ. ಆಗ ಇದೂ 27ರಲ್ಲಿರಬೇಕು: 40 − 27 + ತ = 27. ತ = 14. ಅಲ್ಲಿ 14 ನಿಮಿಷ ನಿಂತು ಕಾಯುವುದೂ, ಇಲ್ಲಿ 14 ನಿಮಿಷ ತಡವಾಗಿ ಹೊರಡುವುದೂ ಒಂದೇ ಆಯಿತು.